ಕೈಯಿಂದ ಎರಡು ಸುತ್ತು

ದಿ. ೪-೨, ಬುಧವಾರ, ಬೆಳಗ್ಗೆ ೭ ಗಂಟೆ

ಸದರಿ ವಾಹನದ ವಿವರಗಳು ಈ ಕೆಳಗಿನಂತಿರುತ್ತವೆ:

೧. ಬಗೆ: ಮನೆಗಾಡಿ. ಅಂದರೆ ಹಾಸಿಗೆ ಒಂದು, ಒಲೆ ಒಂದು, ಕೈತೊಳೆಯುವ ತೊಟ್ಟಿ ಒಂದು, ಬಟ್ಟೆಯ ಕಪಾಟು ಒಂದು – ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಹಳೆಯ ಡೀಸೆಲ್ ವ್ಯಾನು.
೨. ವಯಸ್ಸು: ಇಪ್ಪತ್ತೊಂಬತ್ತು ವರ್ಷ.
೩. ಓಡಿದ ದೂರ: ೧,೮೭,೪೧೨ ಕಿ.ಮೀ.
೪. ಕರೆಯುವ ಹೆಸರು: ಬಸವನಹುಳು. ಇಟ್ಟವಳು ನನ್ನ ಹೆಂಡತಿ.
೫. ಓಡಿಸುತ್ತಿದ್ದವರು: ಮೇಲ್ಕಂಡ ಹೆಂಡತಿ. ಶಾಲೆಯ ವ್ಯಾನು ಓಡಿಸಿ ನಿವೃತ್ತಳಾದವಳು. ನಾನು ಪಕ್ಕದ ಸೀಟಿನಲ್ಲಿ ನಕ್ಷೆ ನೋಡುತ್ತಿದ್ದವನು.
೬. ಕೊನೆಯ ಪ್ರಯಾಣ: ಮೂರು ವರ್ಷ ಎರಡು ತಿಂಗಳ ಹಿಂದೆ. ಮರಳಿ ಬಂದ ಹತ್ತನೆಯ ವಾರ ಸದರಿ ಹೆಂಡತಿ ತೀರಿಕೊಂಡಳು.
೭. ಈಗಿನ ಸ್ಥಿತಿ: ಹಿಂದಿನ ಅಂಗಳದಲ್ಲಿ ನಿಂತಿದೆ. ಪ್ರತಿ ಬುಧವಾರ ಹತ್ತು ನಿಮಿಷ ಎಂಜಿನ್ ಚಾಲೂ ಮಾಡಿ ಬಂದ್ ಮಾಡಲಾಗುತ್ತದೆ.

ಇಂದು ಬುಧವಾರ. ಚಾಲೂ ಮಾಡಿದೆ. ಇಳಿದು, ಸುತ್ತು ಹಾಕಿ ಬಂದು, ಪಕ್ಕದ ಸೀಟಿನಲ್ಲಿ ಕೂತೆ. ರೂಢಿ. ಹತ್ತು ನಿಮಿಷ ಖಾಲಿ ಸ್ಟೇರಿಂಗ್ ನಡುಗುವುದನ್ನು ನೋಡಿದೆ. ಮತ್ತೆ ಸುತ್ತು ಹಾಕಿ ಹೋಗಿ ಬಂದ್ ಮಾಡಿದೆ.

ಇಳಿದಾಗ ಕೆಳಮನೆಯ ಕ್ರೇನಿನವರು ಹಲ್ಲುಜ್ಜುತ್ತ ನಿಂತಿದ್ದರು. ಬಂದರಿನಲ್ಲಿ ಮೂವತ್ತು ವರ್ಷ ಕ್ರೇನು ಆಡಿಸಿದವರು. ಲೋಕವನ್ನು ಮೇಲಿನಿಂದ ನೋಡಿಯೇ ಅಭ್ಯಾಸ. ಇಂದು ಬಗ್ಗಿದರು.

“ಗುಮಾಸ್ತರೇ, ನಿಮ್ಮ ಬಸವನಹುಳು ಹಾಸಿಗೆ ಒದ್ದೆ ಮಾಡ್ಕೊಂಡಿದೆ.”

ಎಂಜಿನ್ನಿನ ಕೆಳಗೆ ಅಂಗೈಯಗಲ ಹಸಿರು ನೀರು. ಮುಟ್ಟಿದರೆ ಜಿಡ್ಡು.

ಷರಾ: ನಾನು ಗುಮಾಸ್ತನಲ್ಲ. ನಕಲುಗಾರ. ಅರ್ಜಿಗಳ ಶುದ್ಧಪ್ರತಿ ತೆಗೆಯುವವನು. ಹದಿನಾಲ್ಕು ವರ್ಷಗಳಿಂದ ಅವರನ್ನು ತಿದ್ದುತ್ತಿದ್ದೇನೆ. ನಾಯಿಬಾಲ.

ದಿ. ೫-೨, ಗುರುವಾರ

ಹಸಿರು ನೀರು ಇಂದೂ ಇದೆ. ಕೆಳಗೆ ತಟ್ಟೆ ಇಟ್ಟೆ. ಇಷ್ಟೇ ವರ್ತಮಾನ.

ದಿ. ೮-೨, ಭಾನುವಾರ, ಮಧ್ಯಾಹ್ನ ೩ ಗಂಟೆ

ತಮ್ಮನ ಮಗಳ ಫೋನು. ಎರಡು ಮೂರು ತಿಂಗಳಿಗೊಮ್ಮೆ ಮಾಡುತ್ತಾಳೆ, ಅಪ್ಪನಿಗೆ ತಿಳಿಯದಂತೆ. ಅವನಿಗೂ ನನಗೂ ಮಾತು ನಿಂತು ಒಂಬತ್ತು ವರ್ಷ.

ಅವಳು ಹೇಳಿದ್ದರ ಸಾರಾಂಶ: ತಮ್ಮನು ತನ್ನ ವರ್ಕ್‌ಶಾಪನ್ನು ಈ ತಿಂಗಳ ೨೮ಕ್ಕೆ ಮುಚ್ಚುತ್ತಾನೆ. ಮೊಣಕಾಲು ಹೋಗಿದೆ. ನಂತರ ಮಗಳೊಡನೆ ಇರುತ್ತಾನೆ. ಅವಳು ದ್ವೀಪವೊಂದರ ಚಿಕಿತ್ಸಾಲಯದಲ್ಲಿ ನರ್ಸು. ಅಲ್ಲಿಗೆ ದೋಣಿಯುಂಟು, ರಸ್ತೆಯಿಲ್ಲ.

ಒಳ್ಳೆಯದಾಯಿತು, ವಿಶ್ರಾಂತಿ ಸಿಗಲಿ, ಎಂದೆ. ಇನ್ನೇನು ಹೇಳತಕ್ಕದ್ದು.

ಆಗ ಅವಳು, “ದೊಡ್ಡಪ್ಪ, ಒಂದು ಮಾತು. ಅಪ್ಪ ನಿಮ್ಮನ್ನ ಯಾವತ್ತೂ ವಿಚಾರಿಸಲ್ಲ. ಆದ್ರೆ ಗಾಡೀನ ವಿಚಾರಿಸ್ತಾರೆ. ಆ ಗಾಡಿ ಓಡ್ತಾ ಇದೆಯಂತಾ, ಅಂತ. ನನಗೇನು ಗೊತ್ತು ಅಂತೀನಿ.”

ಫೋನಿಟ್ಟ ಮೇಲೆ ಅಂಗಳಕ್ಕೆ ಇಳಿದೆ. ಗಾಡಿಯೊಳಗಿನ ಮಂಚ, ಕಪಾಟು, ಮಡಚುವ ಮೇಜು – ಎಲ್ಲ ಅವನ ಕೈಗೆಲಸ. ಕಪಾಟಿನ ಬಾಗಿಲು ಇಂದಿಗೂ ಒಂದೇ ಬೆರಳಿಗೆ ಮುಚ್ಚಿಕೊಳ್ಳುತ್ತದೆ.

ಇಲ್ಲಿಂದ ಅವನ ವರ್ಕ್‌ಶಾಪಿಗೆ ಐನೂರ ನಲವತ್ತು ಕಿ.ಮೀ. ಬಸ್ಸುಗಳಿವೆ. ಆದರೆ ಬಸ್ಸಿನಿಂದ ಇಳಿದವನನ್ನು ಅವನು ವಿಚಾರಿಸುವುದಿಲ್ಲ. ವಿಚಾರಿಸುವುದು ಗಾಡಿಯನ್ನು. ಆದಕಾರಣ ಗಾಡಿಯೇ ಹೋಗತಕ್ಕದ್ದು. ೨೮ರೊಳಗೆ. ನಾನು ಅದರೊಳಗಿರುತ್ತೇನೆ, ಅಷ್ಟೆ.

ದಿ. ೯-೨, ಸೋಮವಾರ

ಗ್ಯಾರೇಜು ಒಂದು: ಇಷ್ಟು ಹಳೆಯದನ್ನು ಮುಟ್ಟುವುದಿಲ್ಲ. ಗ್ಯಾರೇಜು ಎರಡು: ಮುಟ್ಟುತ್ತೇವೆ, ಮುಂದಿನ ತಿಂಗಳು ಬನ್ನಿ. ಗ್ಯಾರೇಜು ಮೂರರಲ್ಲಿ ನನ್ನ ಮುಖ ನೋಡಿ, ಮನೆಯಲ್ಲಿ ಮಕ್ಕಳು ಯಾರೂ ಇಲ್ಲವೇ ಎಂದರು. ಮಕ್ಕಳಿಲ್ಲ. ಇದ್ದಿದ್ದರೂ ಪ್ರಶ್ನೆ ಅಪ್ರಸ್ತುತ.

ಕೊನೆಗೆ ಬಿಡಿಭಾಗದ ಅಂಗಡಿ. ಕೌಂಟರಿನ ಹಿಂದೆ ಐವತ್ತರ ಆಸುಪಾಸಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಕನ್ನಡಕ ಹುಡುಕುತ್ತಿದ್ದರು. ತಟ್ಟೆಯ ಹಸಿರು ನೀರನ್ನು ಶೀಷೆಯಲ್ಲಿ ಒಯ್ದಿದ್ದೆ. ಮೂಸಿ, ಇದು ಎಂಜಿನ್ನು ತಣಿಸುವ ನೀರು, ಅದರ ಪಂಪು ಹೋಗಿದೆ ಎಂದರು. ಹಾಗಾದರೆ ಪಂಪು ಒಂದನ್ನೇ ಕೊಡಿ ಎಂದೆ. ಕೊಡುವುದಿಲ್ಲವಂತೆ. ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟು. ಅದನ್ನು ಬಿಚ್ಚದೆ ಪಂಪು ಬರುವುದಿಲ್ಲ. ಒಂಬತ್ತು ವರ್ಷದ ಬೆಲ್ಟನ್ನು ಬಿಚ್ಚಿ ಮತ್ತೆ ಅದನ್ನೇ ಹಾಕುವವನಿಗೆ ತಾವು ಪಂಪು ಮಾರುವುದಿಲ್ಲವಂತೆ.

“ಬೆಲ್ಟು ಅಂದ್ರೆ ಎಂಜಿನ್ನಿನ ಮೇಲ್ಗಡೆಗೂ ಕೆಳಗಡೆಗೂ ತಾಳ ಕೂರಿಸೋದು, ಯಜಮಾನ್ರೇ. ತಾಳ ತಪ್ಪಿದ್ರೆ ವಾಲ್ವು ಬಂದು ಪಿಸ್ಟನ್ನಿಗೆ ಗುದ್ದುತ್ತೆ. ಆಮೇಲೆ ಗಾಡಿ ಗುಜರಿಗೆ, ನೀವು ಬಸ್ ಸ್ಟ್ಯಾಂಡಿಗೆ.”

ಯಾರು ಹಾಕುತ್ತಾರೆ ಎಂದು ಕೇಳಿದರು. ಖುದ್ದು ನಾನೇ, ಎಂಬುದು ಬಾಯಿಂದ ಹೊರಟುಹೋಯಿತು. ಒಂದು ಗಳಿಗೆ ನನ್ನ ಕೈ ನೋಡಿದರು. ಬಲಗೈ ನಡುಬೆರಳಿನಲ್ಲಿ ಪೆನ್ನಿನ ಗಂಟು ಬಿಟ್ಟರೆ ಅಲ್ಲಿ ನೋಡುವಂಥದ್ದೇನಿಲ್ಲ. ಒಳಗೆ ಹೋಗಿ ಸದರಿ ವ್ಯಾನಿನ ರಿಪೇರಿ ಪುಸ್ತಕ ತಂದರು. ಮೂರು ದಿನಕ್ಕೆ ಎರವಲು. ಬೇಕಾದ ಪುಟ ಜೆರಾಕ್ಸ್ ಮಾಡಿಸಿಕೊಳ್ಳಿ ಎಂದರು.

ಜೆರಾಕ್ಸ್. ನಲವತ್ತೊಂದು ವರ್ಷ ನಕಲು ಮಾಡಿದ ಕೈಗೆ.

ದಿ. ೧೨-೨, ಗುರುವಾರ, ಸಂಜೆ ೫ ಗಂಟೆ

ಮೂರು ದಿನದ ಕೆಲಸ ಮುಗಿಯಿತು. ಒಟ್ಟು ಇಪ್ಪತ್ತೆರಡು ಕಲಮು, ಚಿತ್ರ ಐದು. ಉದ್ದಗೆರೆಯ ಕಾಗದ, ಎಡಕ್ಕೆ ಎರಡಂಗುಲ ಅಂಚು. ಒಂದೂ ಚಿತ್ತಿಲ್ಲ. ಬಹಳ ದಿನಗಳ ನಂತರ ಬೆನ್ನು ನೆಟ್ಟಗೆ ಕೂತಿತ್ತು.

ಕೆಲಸದ ತಿರುಳು ಇಷ್ಟು. ಎಂಜಿನ್ನಿನ ಮೂರು ಚಕ್ರಗಳ ಮೇಲೆ ಒಂದೊಂದು ಗುರುತು ಇದೆ. ಮೂರೂ ತಂತಮ್ಮ ಎದುರುಗುರುತಿಗೆ ಸರಿಯಾಗಿ ನಿಲ್ಲಬೇಕು. ಆಗ ಚಕ್ರಗಳಿಗೆ ಹಲ್ಲಿನಿಂದ ಕಚ್ಚಿಕೊಂಡ ಹಳೆಯ ಬೆಲ್ಟು ಕಳಚಿ, ಪಂಪು ಬದಲಿಸಿ, ಹೊಸ ಬೆಲ್ಟು ಹಾಕಿ ಬಿಗಿಯುವುದು.

ಮೂಲದಲ್ಲಿ ಒಂದು ಪ್ರಮಾದ ಸಿಕ್ಕಿತು. ಹನ್ನೊಂದನೆಯ ಕಲಮು: “ಎಂಜಿನ್ನನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ, ಮೂರೂ ಗುರುತುಗಳನ್ನು ಪರೀಕ್ಷಿಸತಕ್ಕದ್ದು.” ಹದಿಮೂರನೆಯ ಕಲಮೂ ಅಕ್ಷರಶಃ ಅದೇ. ಮುದ್ರಕನ ಕಣ್ಣು ಮೇಲಿನ ಸಾಲಿಗೆ ಮರಳಿ ಜಿಗಿದಿದೆ. ಕಚೇರಿಯಲ್ಲಿ ದಿನಕ್ಕೆ ಹತ್ತು ನೋಡುತ್ತಿದ್ದೆ. ಅರ್ಜಿಯ ಒಂದಕ್ಷರ ಬದಲಿಸುವ ಹಕ್ಕು ನಕಲುಗಾರನಿಗಿಲ್ಲ. ಆದರೆ ಮರುಕಳಿಸಿದ ಸಾಲನ್ನು ಒಮ್ಮೆಯೇ ಬರೆಯುವ ಹಕ್ಕು ಒಂದುಂಟು. ಅದರಂತೆ ಹದಿಮೂರನ್ನು ಕೈಬಿಟ್ಟಿದ್ದೇನೆ. ನನ್ನ ಪ್ರತಿಯಲ್ಲಿ ಇಪ್ಪತ್ತೊಂದು ಕಲಮು.

ಒಂದೇ ಕೊರತೆ. ತಾಳೆ ನೋಡಿಲ್ಲ. ತಾಳೆ ನೋಡಲು ಇಬ್ಬರು ಬೇಕು – ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಒಬ್ಬರು ನಕಲಿನ ಮೇಲೆ ಬೆರಳಿಟ್ಟುಕೊಂಡು ಹೋಗಬೇಕು. ಕಚೇರಿಯಲ್ಲಿ ಎದುರು ಮೇಜಿನವನಿದ್ದ. ಮನೆಗೆ ತಂದ ಕೆಲಸಕ್ಕೆ ನಮ್ಮಾಕೆ ಇದ್ದಳು. ಓದುತ್ತ ಓದುತ್ತ ನಡುವೆ ನಿಲ್ಲಿಸಿ, ಇದೇನ್ರೀ, ಒಂದು ವಾಕ್ಯಕ್ಕೆ ಎರಡು ಲೋಟ ನೀರು ಕುಡಿಯಬೇಕಲ್ಲ, ಎನ್ನುತ್ತಿದ್ದಳು.

ಇಂದು ಎರಡನ್ನೂ ಎದುರಿಟ್ಟುಕೊಂಡು ನಾನೇ ಓದಿದೆ, ನಾನೇ ಬೆರಳಿಟ್ಟೆ. ಗೋಡೆಗೆ ಕೇಳಿಸಿತು. ಒಬ್ಬನೇ ನೋಡಿದ್ದು ತಾಳೆಯಲ್ಲ. “ತಾಳೆ ನೋಡಿದೆ” ಎಂಬುದರ ಕೆಳಗೆ ಎರಡು ಸಹಿಗಳ ಜಾಗ ಖಾಲಿ ಬಿಟ್ಟಿದ್ದೇನೆ.

ದಿ. ೧೩-೨, ಶುಕ್ರವಾರ

ಪುಸ್ತಕ ಹಿಂದಿರುಗಿಸಿದೆ. ನಕಲನ್ನು ನೋಡಿ ಅಂಗಡಿಯಾಕೆ ಕನ್ನಡಕ ಇಳಿಸಿದರು. ಇದನ್ನ ಎಣ್ಣೆ ಕೈಯಲ್ಲಿ ಮುಟ್ಟೋಕೆ ಮನಸ್ಸು ಬರುತ್ತಾ ಎಂದರು. ಪಂಪು, ಬೆಲ್ಟು, ಬೆಲ್ಟನ್ನು ಎಳೆದು ಹಿಡಿಯುವ ಬಿಗಿಚಕ್ರ, ಸೋರದಂತೆ ನಡುವೆ ಕೂರಿಸುವ ಗ್ಯಾಸ್ಕೆಟ್ಟು ತಂದೆ. ಪಂಪು ಅಡಿಗೆಮನೆಯ ಮೇಜಿನ ಮೇಲಿದೆ. ಊಟಕ್ಕೆ ಯಾರೋ ಬಂದು ಕೂತಂತೆ.

ದಿ. ೧೫-೨, ಭಾನುವಾರ

ಬೆಳಗ್ಗಿನಿಂದ ಸಂಜೆಯವರೆಗೆ ಬಿಚ್ಚಿದ್ದು: ಬ್ಯಾಟರಿಯ ತಂತಿ, ನೀರಿನ ಪೈಪು ಎರಡು, ಫ್ಯಾನು, ಫ್ಯಾನ್ ಬೆಲ್ಟು. ಹಸಿರು ನೀರು ಅರ್ಧ ಬಕೆಟ್ಟಿಗೆ, ಅರ್ಧ ನನ್ನ ತೋಳಿಗೆ. ಪ್ರತಿ ಬೋಲ್ಟನ್ನೂ ಒಂದೊಂದು ಲಕೋಟೆಯಲ್ಲಿ ಹಾಕಿ, ಮೇಲೆ ವಿವರ ಬರೆದು, ದಿನಾಂಕ ಹಾಕಿದ್ದೇನೆ. ಕ್ರೇನಿನವರು ಕಿಟಕಿಯಿಂದ, “ಅಂಚೆಗೆ ಹಾಕ್ತೀರಾ, ಗುಮಾಸ್ತರೇ?” ಎಂದರು.

ಮುಂಗೈ ತರಚಿದೆ. ಸೋಪು ಉರಿಯುತ್ತದೆ. ಉರಿಯುತ್ತದೆ ಎಂದು ಹೇಳಲು ಯಾರೂ ಇಲ್ಲವಾದ್ದರಿಂದ ಇಲ್ಲಿ ದಾಖಲಿಸಿದೆ.

ದಿ. ೧೬-೨, ಸೋಮವಾರ, ಮಧ್ಯಾಹ್ನ ೧೨ ಗಂಟೆ

ಟೈಮಿಂಗ್ ಬೆಲ್ಟಿನ ಮುಚ್ಚಳ ಕಳಚಿ ಬಂತು. ಒಳಮೈಯಲ್ಲಿ ಬಿಳಿ ಬಣ್ಣದ ಪೆನ್ನಿನಿಂದ ಬರೆದಿದೆ. ತಮ್ಮನ ಅಕ್ಷರ. ಕೋಳಿ ಕೆದರಿದ ಹಾಗೆ; ಚಿಕ್ಕಂದಿನಿಂದ ಹಾಗೆಯೇ. ನಾನು ಕೈ ಹಿಡಿದು ತಿದ್ದಿಸಿದರೂ ಬರಲಿಲ್ಲ.

“ಬೆಲ್ಟ್, ಪಂಪ್ ಎರಡೂ ಹೊಸದು. ೧,೧೯,೦೦೦. ಮುಂದಿನ ಸಲಾನೂ ನಾನೇ.”

ಕೆಳಗೆ ದಿನಾಂಕ. ಅರ್ಜಿಗೆ ಎರಡು ತಿಂಗಳು ಮುಂಚಿನದು.

ಅರ್ಜಿಯ ವಿಷಯ ಈ ದಿನಚರಿ ಪುಸ್ತಕದಲ್ಲಿ ಎಲ್ಲಿಯೂ ಬರೆದಿಲ್ಲ. ಬರೆಯತಕ್ಕದ್ದು.

ತಮ್ಮನ ವರ್ಕ್‌ಶಾಪು ಆಗ ಇದೇ ಬೀದಿಯ ಕೊನೆಯಲ್ಲಿತ್ತು. ಅದನ್ನು ಮುಚ್ಚಿಸಬೇಕೆಂದು ನೆರೆಯವರು ಮೂವತ್ತೊಂದು ಜನ ಅರ್ಜಿ ಸಿದ್ಧಪಡಿಸಿದರು. ಶಬ್ದ, ಹೊಗೆ, ಚರಂಡಿಗೆ ಎಣ್ಣೆ – ಮೊದಲ ಮೂರು ಕಲಮು ನಿಜವೇ. ನಾಲ್ಕನೆಯದು: “ಸದರಿ ವ್ಯಕ್ತಿಯು ರಿಪೇರಿಗೆ ಬಂದ ವಾಹನಗಳ ಒಳ್ಳೆಯ ಭಾಗಗಳನ್ನು ಕಳಚಿಕೊಂಡು ಹಳೆಯವನ್ನು ಹಾಕುವ ಅಭ್ಯಾಸವುಳ್ಳವನಾಗಿರುತ್ತಾನೆ.” ಶುದ್ಧಪ್ರತಿಗಾಗಿ ಎಲ್ಲರಿಗಿಂತ ಒಳ್ಳೆಯ ಅಕ್ಷರದವನ ಬಳಿ ತಂದರು. ಅಂದರೆ ನನ್ನ ಬಳಿ. ತಂದವರಿಗೆ ಸಂಕೋಚವಿತ್ತು, ನನಗಿರಲಿಲ್ಲ. ನಕಲುಗಾರನಿಗೆ ಪಕ್ಷವಿಲ್ಲ ಎಂದೆ. ಅವರ ಮುಂದೆ ಹಾಗೆ ಹೇಳುವಾಗ ಎದೆ ಉಬ್ಬಿತ್ತು ಎಂಬುದೂ ನಿಜ.

ತಾಳೆ ನೋಡುವಾಗ ನಮ್ಮಾಕೆ ನಾಲ್ಕನೆಯ ಕಲಮಿಗೆ ಬಂದು ನಿಲ್ಲಿಸಿದಳು. “ಈ ಒಂದು ಸಾಲು ಕಣ್ತಪ್ಪಿ ಬಿಟ್ಹೋಯ್ತು ಅಂದ್ರೆ ನಿಮ್ಮನ್ನ ಯಾರು ಗಲ್ಲಿಗೆ ಹಾಕ್ತಾರೆ?”

ಇಷ್ಟು ವರ್ಷದಲ್ಲಿ ಒಂದು ಸಾಲೂ ಬಿಟ್ಟವನಲ್ಲ ಎಂದೆ. ಅವಳು ಓದಲಿಲ್ಲ. ಕಾಗದ ಮೇಜಿನ ಮೇಲಿಟ್ಟು ಎದ್ದುಹೋದಳು. ಆ ಪ್ರತಿಗೆ ಅವಳ ಸಹಿಯನ್ನು ನಾನೇ ಹಾಕಿದೆ. ನಲವತ್ತೊಂದು ವರ್ಷದಲ್ಲಿ ಒಂದೇ ಸಲ.

ವಿಚಾರಣೆಯ ದಿನ ಅಧಿಕಾರಿಗಳು ಅರ್ಜಿಯನ್ನು ತಮ್ಮನ ಕೈಗೆ ಕೊಟ್ಟರಂತೆ. ಅವನು ಓದಲೇ ಇಲ್ಲವಂತೆ. ಅಕ್ಷರ ನೋಡಿದನಂತೆ, ಹಿಂದಕ್ಕೆ ಕೊಟ್ಟನಂತೆ. ಒಂದು ತಿಂಗಳಲ್ಲಿ ಅಂಗಡಿ ಖಾಲಿ ಮಾಡಿ ಐನೂರ ನಲವತ್ತು ಕಿ.ಮೀ. ದೂರ ಹೋದ.

ಮುಚ್ಚಳವನ್ನು ಒರೆಸಿಟ್ಟೆ. ಬರಹಕ್ಕೆ ಬಟ್ಟೆ ತಾಗಿಸಲಿಲ್ಲ.

ದಿ. ೧೮-೨, ಬುಧವಾರ

ಬುಧವಾರ. ಚಾಲೂ ಮಾಡುವ ಹಾಗಿಲ್ಲ. ಹತ್ತು ನಿಮಿಷ ಸುಮ್ಮನೆ ಪಕ್ಕದ ಸೀಟಿನಲ್ಲಿ ಕೂತಿದ್ದೆ.

ನಂತರ ಗುರುತು ಕೂಡಿಸಿದೆ. ಹಳೆಯ ಬೆಲ್ಟು ಕಳಚಿದೆ. ಹಳೆಯ ಪಂಪಿನ ಐದು ಬೋಲ್ಟುಗಳಲ್ಲಿ ನಾಲ್ಕು ಮಾತು ಕೇಳಿದವು. ಐದನೆಯದಕ್ಕೆ ಅರ್ಧ ದಿನ. ಪಂಪಿನ ಅಚ್ಚು ಸಡಿಲಾದ ಹಲ್ಲಿನಂತೆ ಅಲ್ಲಾಡುತ್ತಿತ್ತು. ಹಳೆಯ ಗ್ಯಾಸ್ಕೆಟ್ಟನ್ನು ಕಾಗದ ಕೆರೆಯುವ ಚಾಕುವಿನಿಂದಲೇ ಕೆರೆದೆ. ಚಿತ್ತು ಅಳಿಸಲು ಇಟ್ಟುಕೊಂಡ ಚಾಕು. ನಲವತ್ತೊಂದು ವರ್ಷದಲ್ಲಿ ಅದಕ್ಕೆ ಇಷ್ಟು ಕೆಲಸ ಸಿಕ್ಕಿರಲಿಲ್ಲ.

ಹೊಸ ಪಂಪು ಕೂತಿತು.

ದಿ. ೧೯-೨, ಗುರುವಾರ, ಸಂಜೆ ೪ ಗಂಟೆ

ಹೊಸ ಬೆಲ್ಟು ಹಾಕಿದೆ. ಕಲಮು ಹತ್ತರವರೆಗೆ ಯಥಾವತ್. ಕಲಮು ಹನ್ನೊಂದು: ಉದ್ದನೆಯ ಹಿಡಿಯ ಸ್ಪ್ಯಾನರು ಹಾಕಿ ಕೈಯಿಂದ ಎರಡು ಸುತ್ತು. ಮೂರೂ ಗುರುತು ಸರಿ. ಕಲಮು ಹನ್ನೆರಡು: ಬಿಗಿಚಕ್ರವನ್ನು ಒಮ್ಮೆ ಸಡಿಲಿಸಿ, ಮತ್ತೆ ಕೂರಿಸಿ, ಕಡೆಯ ಬಿಗಿ. ಸಡಿಲಿಸುವಾಗ ಒಳಗೆ ‘ಟಕ್’ ಎಂದು ಸಣ್ಣ ಶಬ್ದ. ಸ್ಪ್ಯಾನರು ಜಾರಿರಬೇಕು. ಬಿಗಿ ಮಾಡಿದೆ.

ನಾಳೆ ಮುಚ್ಚಳ ಹಾಕಿ, ನೀರು ತುಂಬಿ, ಕೀ.

ದಿ. ೨೦-೨, ಶುಕ್ರವಾರ, ಬೆಳಗ್ಗೆ ೧೧ ಗಂಟೆ

ಡ್ರೈವರ್ ಸೀಟಿನಲ್ಲಿ ಕೂತೆ. ಸೀಟು ಅವಳ ಕಾಲಳತೆಗೆ ಇದೆ, ಹಿಂದಕ್ಕೆ ಸರಿಸಲಿಲ್ಲ. ಕೀ ಹಾಕಿದೆ.

ತಿರುಗಿಸಲಾಗಲಿಲ್ಲ.

ಕಾರಣ ಬರೆದಿಡತಕ್ಕದ್ದು. ತಾಳೆ ನೋಡದ ನಕಲು ನನ್ನ ಮೇಜಿನಿಂದ ಹೊರಗೆ ಹೋದದ್ದು ಒಂದೇ ಸಲ. ಅದರ ಫಲ ಗೊತ್ತಿದೆ. ಈಗ ಸದರಿ ನಕಲನ್ನು ನಂಬಿ ಎಂಜಿನ್ನನ್ನೇ ಕಟ್ಟಿದ್ದೇನೆ. ಕೆಳಗೆ ಎರಡು ಸಹಿಗಳ ಜಾಗ ಖಾಲಿ.

ಬೆಳಗ್ಗೆ ಹಾಕಿದ ಮುಚ್ಚಳವನ್ನು ಮತ್ತೆ ಬಿಚ್ಚಿಟ್ಟು, ತುಂಬಿದ ನೀರು ಇಳಿಸಿ, ಅಂಗಡಿಗೆ ಹೋದೆ. ಪುಸ್ತಕ ಇಲ್ಲ. ಲಾರಿಯವನೊಬ್ಬ ಕೊಂಡುಹೋಗಿದ್ದಾನೆ, ತಿಂಗಳು ಮುಗಿಯುವವರೆಗೆ ಬರುವುದಿಲ್ಲ. ಜೆರಾಕ್ಸ್ ಮಾಡಿಸಿ ಅಂದಿದ್ದೆ, ಎಂದರು ಅಂಗಡಿಯಾಕೆ. ಅಂದಿದ್ದರು. ಒಪ್ಪಿದೆ.

ದಿ. ೨೩-೨, ಸೋಮವಾರ

ಎರಡು ದಿನ ಏನೂ ಬರೆಯಲಿಲ್ಲ. ಏನೂ ಆಗಲೂ ಇಲ್ಲ.

ಇಂದು ಕ್ರೇನಿನವರನ್ನು ಕರೆದು, ನಕಲನ್ನಾದರೂ ಗಟ್ಟಿಯಾಗಿ ಓದಿ ಎಂದೆ. ಓದಿದರು. ನಾಲ್ಕನೆಯ ಕಲಮಿನೊಳಗೆ ಆಕಳಿಸಿದರು. ಮುಗಿಸಿ, ಅಕ್ಷರ ಮುತ್ತಿನ ಹಾಗಿದೆ, ಒಂದಕ್ಷರ ಅರ್ಥವಾಗಲಿಲ್ಲ ಎಂದರು. ಮೂಲ ತಿಳಿದವರು ಬೇಕು ಎಂದೆ.

“ಮೂಲ ತಿಳಿದವರು ಒಬ್ಬರಿದ್ದಾರಲ್ಲ, ಗುಮಾಸ್ತರೇ. ಈ ಮುಚ್ಚಳದ ಮೇಲೆ ರುಜು ಹಾಕಿದಾರೆ.”

ಮೆತ್ತಗೆ ಅಂದರು. ತಮಾಷೆಯ ದನಿಯಲ್ಲಲ್ಲ. ಮೂವತ್ತೊಂದು ಸಹಿಗಳಲ್ಲಿ ಇವರದೂ ಒಂದಿತ್ತು. ನನಗೆ ಗೊತ್ತು, ಇವರಿಗೂ ಗೊತ್ತು. ಹದಿನೇಳನೆಯದು.

ದಿ. ೨೪-೨, ಮಂಗಳವಾರ, ಬೆಳಗ್ಗೆ ೧೦ ಗಂಟೆ

ತಮ್ಮನ ಮಗಳಿಂದ ನಂಬರು ಪಡೆದೆ. ಏನು ಹೇಳತಕ್ಕದ್ದೆಂದು ಮೊದಲು ಕರಡು ಬರೆದೆ. ಮೂರು ಕರಡು. ಮೂರನ್ನೂ ಹರಿದೆ.

ಅದೇ ದಿನ, ಮಧ್ಯಾಹ್ನ ೩ ಗಂಟೆ

ಆದದ್ದು ಆದ ಕ್ರಮದಲ್ಲಿ.

ನಾಲ್ಕನೆಯ ರಿಂಗಿಗೆ ಎತ್ತಿದ. ಹಿಂದೆ ಸುತ್ತಿಗೆಯ ಶಬ್ದ. ನಾನು ಅಣ್ಣ ಎಂದೆ. ಸುತ್ತಿಗೆ ನಿಂತಿತು.

“ಹೇಳಿ,” ಎಂದ. ಬಹುವಚನ. ಹುಟ್ಟಿದಂದಿನಿಂದ ನನ್ನನ್ನು ‘ನೀನು’ ಎಂದವನು.

ಗಾಡಿಯ ವಿಷಯ ಎಂದೆ. ಬೆಲ್ಟು ಮತ್ತು ಪಂಪು ಬದಲಿಸಿದ್ದೇನೆ, ಪುಸ್ತಕದ ನಕಲು ನನ್ನ ಬಳಿ ಇದೆ, ತಾಳೆ ನೋಡುವವರಿಲ್ಲ, ಓದುತ್ತೇನೆ, ತಪ್ಪಿದ್ದರೆ ತಿಳಿಸತಕ್ಕದ್ದು. ಇಷ್ಟು ಒಂದೇ ಉಸಿರಿನಲ್ಲಿ. ಅತ್ತ ಸ್ಟೂಲು ಎಳೆದ ಶಬ್ದ ಕೇಳಿತು.

“ಓದಿ.”

ಓದಿದೆ. ಒಂದೊಂದು ಕಲಮಿಗೂ ‘ಹೂಂ’. ನಮ್ಮಾಕೆ ಬೆರಳಿಟ್ಟು ಹೋಗುತ್ತಿದ್ದ ವೇಗವೇ. ಹತ್ತು, ಹೂಂ. ಹನ್ನೊಂದು, ಹೂಂ. ಹನ್ನೆರಡು, ಹೂಂ. ಹದಿಮೂರು ಎಂದು ಮುಚ್ಚಳ ಹಾಕುವ ಕಲಮು ಶುರುಮಾಡಿದೆ.

“ನಿಲ್ಲಿಸು. ಎರಡು ಸುತ್ತು ಎಲ್ಲಿ?”

ಅದು ಹನ್ನೊಂದರಲ್ಲಿ ಬಂತು ಎಂದೆ. ಅಲ್ಲಿ ಬಂತು, ಇಲ್ಲೂ ಬರಬೇಕು ಎಂದ. ಕಡೆಯ ಬಿಗಿ ಆದ ಮೇಲೆ ಇನ್ನೊಮ್ಮೆ. ಅದೇ ಸಾಲು, ಅದೇ ಕೆಲಸ, ಎರಡನೆಯ ಸಲ. ಸಡಿಲಿಸಿದಾಗ ಬೆಲ್ಟು ಹಲ್ಲು ಹಾರಿರಬಹುದು. ಅದನ್ನು ಹಿಡಿಯುವುದಕ್ಕೇ ಆ ಸಾಲು. ಮೂಲದಲ್ಲಿ ಇತ್ತು, ಮುದ್ರಕನ ಪ್ರಮಾದವೆಂದು ತಿಳಿದು ನಾನೇ ಕೈಬಿಟ್ಟೆ ಎಂದೆ. ಸುಳ್ಳು ಹೇಳಲು ಅವಕಾಶವಿತ್ತು. ಹೇಳಲಿಲ್ಲ.



“ನೀನು ಸಾಲು ಬಿಡೋನಲ್ಲ ಅಂದ್ಕೊಂಡಿದ್ದೆ,” ಎಂದ.

ಕೈಯಲ್ಲಿದ್ದ ನಕಲಿನ ಮುತ್ತಿನಂಥ ಅಕ್ಷರಗಳನ್ನು ನೋಡುತ್ತ ನಿಂತಿದ್ದೆ. ಬಿಡಬಾರದ ಒಂದು ಸಾಲು, ಬಿಡಬೇಕಾಗಿದ್ದ ಒಂದು ಸಾಲು. ಅದನ್ನು ಬಿಟ್ಟ ಕೈ, ಇದನ್ನು ಬರೆದ ಕೈ, ಒಂದೇ.

ಈಗ ತಿರುಗಿಸು, ಫೋನು ಅಲ್ಲೇ ಇಡು ಎಂದ. ಕ್ರೇನಿನವರನ್ನು ಕರೆದೆ, ಫೋನು ಹಿಡಿದು ನಿಂತರು, ಉಸಿರು ಬಿಡದೆ. ಸ್ಪ್ಯಾನರು ಹಾಕಿ ತಿರುಗಿಸಿದೆ. ಅರ್ಧ ಸುತ್ತು ಸಲೀಸು. ಒಂದು ಸುತ್ತಿನ ಹತ್ತಿರ ನಿಂತಿತು. ಬಿಗಿಯಾಗಿ ಅಲ್ಲ, ಗೋಡೆಗೆ ತಾಗಿದಂತೆ.

“ಒತ್ತಬೇಡ,” ಎಂದ ಫೋನಿನೊಳಗಿಂದ. ನಾನಿನ್ನೂ ಹೇಳಿರಲಿಲ್ಲ. “ಅದು ವಾಲ್ವು. ಕೈಗೆ ಗೊತ್ತಾಗುತ್ತೆ, ನಿಲ್ಲುತ್ತೆ. ಕೀಗೆ ಗೊತ್ತಾಗಲ್ಲ.”

ಕೀ ತಿರುಗಿಸಿದ್ದರೆ ಎಂದು ಕೇಳಲಿಲ್ಲ. ಶುಕ್ರವಾರ ಹನ್ನೊಂದು ಗಂಟೆಗೆ ಕೈಯಲ್ಲಿ ಕೀ ಇತ್ತು.

ನಂತರ ಒಂದೂವರೆ ಗಂಟೆ. ಹಿಂದಕ್ಕೆ ತಿರುಗಿಸಿ, ಬೆಲ್ಟು ಸಡಿಲಿಸಿ, ಗುರುತುಗಳನ್ನು ಮತ್ತೆ ಕೂಡಿಸುವುದು. ಮೇಲಿನ ಚಕ್ರ ಎರಡು ಹಲ್ಲು ಜಾರಿತ್ತು. ಬೆಲ್ಟು ಮತ್ತೆ ಹಾರದಂತೆ ಚಕ್ರಕ್ಕೆ ಕಚ್ಚಿಸಿಡಬೇಕು ಎಂದ. “ಕಾಗದದ ಕಟ್ಟಿಗೆ ಹಾಕೋ ದೊಡ್ಡ ಕ್ಲಿಪ್ಪು ಇದ್ಯಾ? ಕೇಳೋದೇನು, ನಿನ್ನ ಹತ್ರ ಇಲ್ದೆ ಇರುತ್ತಾ.”

ನನ್ನ ಬಳಿ ಅರವತ್ತಿವೆ. ನಾಲ್ಕು ಸಾಕಾಯಿತು.

ಕಡೆಯ ಬಿಗಿ. ಕ್ಲಿಪ್ಪು ತೆಗೆದೆ. ಕೈಯಿಂದ ಎರಡು ಸುತ್ತು. ಗೋಡೆಯಿಲ್ಲ. ಮೂರೂ ಗುರುತು ನೆಟ್ಟಗೆ. ಇನ್ನೆರಡು ಸುತ್ತು ಹಾಕು ಎಂದ. ಹಾಕಿದೆ. ಈ ಸಲ ಎಷ್ಟು ಸಲ ಹೇಳಿದರೂ ಹಾಕುತ್ತಿದ್ದೆ.

ನೀರು ತುಂಬಿದ ಮೇಲೆ ಮೇಲಿನ ಪೈಪು ಬಿಚ್ಚಿ ಗಾಳಿ ಹೊರಗೆ ಬಿಡಬೇಕು ಎಂದ. ಆಯಿತು ಎಂದೆ. ಮೊಣಕಾಲು ಹೇಗಿದೆ ಎಂದೆ. ಇದೆ ಎಂದ. ಅತ್ತಿಗೆ ಹೋದದ್ದು ಮಗಳು ಹೇಳಿದಳು ಎಂದ. ಹೂಂ ಎಂದೆ. ಇಷ್ಟಕ್ಕೆ ಮಾತು ಮುಗಿಯಬೇಕಿತ್ತು.

“ಇಪ್ಪತ್ತೆಂಟಕ್ಕೆ ಬಾಗಿಲು ಹಾಕ್ತೀನಿ. ಐದು ಗಂಟೆವರೆಗೆ ಇರ್ತೀನಿ.”

ಇಟ್ಟ.

ದಿ. ೨೫-೨, ಬುಧವಾರ, ಬೆಳಗ್ಗೆ ೮ ಗಂಟೆ

ಚಾಲೂ ಆಯಿತು. ಎರಡನೆಯ ಪ್ರಯತ್ನಕ್ಕೆ. ತಟ್ಟೆ ಒಣಗಿದೆ.

ಇಳಿದು ಸುತ್ತು ಹಾಕಲಿಲ್ಲ. ಡ್ರೈವರ್ ಸೀಟಿನಲ್ಲೇ ಕೂತಿದ್ದೆ. ಅಲ್ಲಿಂದ ಪಕ್ಕದ ಸೀಟು ಖಾಲಿ ಕಾಣುತ್ತದೆ. ಈ ಮೂರು ವರ್ಷ ಖಾಲಿ ಕಂಡದ್ದು ಇನ್ನೊಂದು ಸೀಟು. ವ್ಯತ್ಯಾಸವಿಲ್ಲ, ಆದರೂ ದಾಖಲಿಸಿದೆ.

ದಿ. ೨೬-೨, ಗುರುವಾರ

ಅಭ್ಯಾಸಕ್ಕಾಗಿ ಬೀದಿಯಲ್ಲಿ ಮೂರು ಸುತ್ತು. ಕಸದ ಡಬ್ಬಿ ಒಂದಕ್ಕೆ ತಾಗಿಸಿದೆ. ಕ್ರೇನಿನವರು ಮುಂದೆ ನಿಂತು ಎರಡೂ ಕೈ ಎತ್ತಿ ಎಡಕ್ಕೆ, ಬಲಕ್ಕೆ, ಇಳಿಸು ಎಂದು ಸನ್ನೆ ಮಾಡಿದರು, ಹಡಗಿನಿಂದ ಪೆಟ್ಟಿಗೆ ಇಳಿಸುವಂತೆ. ಆಮೇಲೆ ಕಿಟಕಿಯ ಬಳಿ ಬಂದು, ಅಲ್ಲಿ ನನ್ನ ಹೆಸರು ಎತ್ತಬೇಡಿ ಎಂದರು. ಸ್ವಲ್ಪ ತಡೆದು, ಅಥವಾ ಎತ್ತಿ ಎಂದರು.

ಹಳೆಯ ಬೆಲ್ಟನ್ನು ಒರೆಸಿ ಲಕೋಟೆಗೆ ಹಾಕಿದೆ. ಹಿಡಿಸಲಿಲ್ಲ. ದೊಡ್ಡ ಲಕೋಟೆ ಮಾಡಿದೆ.

ದಿ. ೨೮-೨, ಶನಿವಾರ, ಸಂಜೆ ೪-೨೦

ತಲುಪಿದೆ. ೧,೮೭,೯೬೧ ಕಿ.ಮೀ. ದಾರಿ ತಪ್ಪಿದ್ದು ಒಂಬತ್ತು ಕಿ.ಮೀ.; ನಕ್ಷೆ ನೋಡುವವರಿರಲಿಲ್ಲ.

ಬೀದಿಯ ಈ ಬದಿಯಲ್ಲಿ ನಿಲ್ಲಿಸಿದ್ದೇನೆ. ಎದುರಿಗೆ ಅವನ ವರ್ಕ್‌ಶಾಪು. ಶಟರು ಅರ್ಧ ಇಳಿದಿದೆ. ಒಳಗೆ ಎರಡು ಕಾಲು ಓಡಾಡುತ್ತಿವೆ, ಒಂದು ಎಳೆಯುತ್ತಿದೆ. ಎಂಜಿನ್ ಬಂದ್ ಮಾಡಿಲ್ಲ. ಅವನಿಗೆ ಕೇಳಿಸಲಿ.

ಜೀವಮಾನವೆಲ್ಲ ಪರರ ಅರ್ಜಿ ಬರೆದವನು ಸ್ವಂತಕ್ಕೆ ಒಂದನ್ನೂ ಬರೆದಿಲ್ಲ. ಇದಕ್ಕೆ ಶುದ್ಧಪ್ರತಿ ತೆಗೆಯುವುದಿಲ್ಲ. ಈ ಹಾಳೆಯನ್ನೇ ಹರಿದು ಕೊಡತಕ್ಕದ್ದು.

ತಮ್ಮನ ಸನ್ನಿಧಿಗೆ, ಅಣ್ಣನ ಅರಿಕೆ.

೧. ಗಾಡಿ ಓಡುತ್ತಿದೆ. ನೀನು ವಿಚಾರಿಸಿದ್ದೆ ಎಂದು ತಿಳಿಯಿತು.
೨. ಮುಂದಿನ ಸಲವೂ ನೀನೇ ಎಂದು ಮುಚ್ಚಳದ ಮೇಲೆ ಬರೆದದ್ದನ್ನು ಓದಿದೆ. ಅಳಿಸಿಲ್ಲ.
೩. ಅಂದಿನ ಪ್ರತಿಗೆ ನಿನ್ನ ಅತ್ತಿಗೆ ತಾಳೆ ನೋಡಲಿಲ್ಲ. ಸಹಿ ಹಾಕಿದವನು ನಾನು.
೪. ಸದರಿ ಅರ್ಜಿಯ ನಾಲ್ಕನೆಯ ಕಲಮು ಸುಳ್ಳೆಂಬುದು ಅದನ್ನು ಬರೆಯುತ್ತಿರುವಾಗಲೇ ನನಗೆ

ಶಟರು ಮೇಲೆದ್ದಿದೆ. ಕೈ ಒರೆಸಿಕೊಳ್ಳುತ್ತ ಬೀದಿ ದಾಟುತ್ತಿದ್ದಾನೆ. ನನ್ನ ಕಡೆ ನೋಡುತ್ತಿಲ್ಲ. ತಲೆ ಓರೆ ಮಾಡಿ ಎಂಜಿನ್ನಿನ ಶಬ್ದ ಕೇಳುತ್ತಿ

ಅರ್ಜಿದಾರನ ಸಹಿ: ಅಣ್ಣ

ತಾಳೆ ನೋಡಿದವರ ಸಹಿ: ..................

ಲಗತ್ತು: ಹಳೆಯ ಬೆಲ್ಟು, ಒಂದು. ಹಲ್ಲು ಒಂದೂ ಮುರಿದಿಲ್ಲ.